ಬಟ್ಟೆಯ ಮೇಲಿನಿಂದ

ಮೆಟ್ಟಿಲು ಹತ್ತುವಾಗ ಅಕ್ಕ ಮೂರು ಕಡೆ ನಿಂತಳು. ಮೊದಲ ಸಲ ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ, ಎರಡನೇ ಸಲ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದುವವಳ ಹಾಗೆ. ಮೂರನೇ ಸಲ ಯಾವ ನೆಪವೂ ಸಿಗದೆ ಕಂಬಿ ಹಿಡಿದು ಸುಮ್ಮನೆ ನಿಂತಳು. ಎರಡು ಮೆಟ್ಟಿಲು ಮೇಲೆ ಕಾಯುತ್ತಿದ್ದ ತಂಗಿಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಹೃದಯ ವಿಭಾಗವನ್ನು ಮೂರನೇ ಮಹಡಿಯಲ್ಲಿ ಇಟ್ಟ ಮಹಾನುಭಾವರ ಮೇಲೆ ಸಿಟ್ಟು. ಲಿಫ್ಟಿಗೆ 'ಕೆಟ್ಟಿದೆ' ಎಂದು ಚೀಟಿ ತೂಗುಹಾಕಿ ಮರೆತುಬಿಟ್ಟವರ ಮೇಲೆ ಸಿಟ್ಟು. "ಯಂತ್ರಾನೇ ಏನಿಲ್ಲ ಅಂದಿದೆ, ಇವಳದ್ದು ಬರೀ ನಾಟಕ" ಎಂದು ಆರು ವಾರದಿಂದ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿರುವ ಭಾವನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಮೇಲಿನ ಮಹಡಿಯ ಮೇಜಿನ ಮೇಲೆ ಹೊಟ್ಟೆ ತುಂಬ ಕರೆಂಟು ಕುಡಿದು ಕುಳಿತಿರುವ ಆ ಬಿಲ್ಲೆಯ ಮೇಲೆ.

"ತಾಳೇ, ಬಂದೆ," ಅಂದಳು ಅಕ್ಕ. "ನಿಮ್ಮ ಆಸ್ಪತ್ರೆಗೆ ಬರೋಕೇ ಗಟ್ಟಿ ಆರೋಗ್ಯ ಬೇಕು ಕಣೇ."

ಆ ಬಿಲ್ಲೆ ಅಂಗೈಯಷ್ಟೂ ಅಗಲವಿಲ್ಲ. ಎದೆಯ ಮೇಲೆ ನಾಲ್ಕು ಕಡೆ, ಹದಿನೈದು ಹದಿನೈದು ಸೆಕೆಂಡು ಇಟ್ಟರೆ ಹೃದಯದ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಎಲ್ಲೋ ದೂರದಲ್ಲಿ ಕುಳಿತ ಕೃತಕ ಬುದ್ಧಿಯೊಂದು ಅದನ್ನು ಅಳೆದು ಸುರಿದು, ಫೋನಿನ ಮೇಲೆ ಕೆಂಪನ್ನೋ ಹಸಿರನ್ನೋ ತೋರಿಸುತ್ತದೆ. ಕೆಂಪು ಬಂದರೆ ಸ್ಕ್ಯಾನಿಂಗ್ ಕೋಣೆಗೆ. ಹಸಿರು ಬಂದರೆ ಮನೆಗೆ. ಒಮ್ಮೆ ಹಸಿರು ಬಿದ್ದವರಿಗೆ ಆರು ತಿಂಗಳು ಮತ್ತೆ ಈ ಬಾಗಿಲು ತೆರೆಯುವುದಿಲ್ಲ, ಕಂಪ್ಯೂಟರೇ ಒಪ್ಪುವುದಿಲ್ಲ. ಅಕ್ಕನಿಗೆ ಹಸಿರು ಬಿದ್ದಿತ್ತು. ಹಸಿರು ಬಿದ್ದ ದಿನ ಇದೇ ತಂಗಿ, ಇಪ್ಪತ್ತೆರಡು ವರ್ಷ ಹೃದಯ ವಿಭಾಗದಲ್ಲಿ ನರ್ಸ್ ಆಗಿದ್ದವಳು, "ಏನಿಲ್ಲ ಅಕ್ಕ, ಕೂತು ಕೂತು ಹೊಲೀತೀಯಲ್ಲ, ಅದಕ್ಕೇ. ದಿನಾ ಬೆಳಿಗ್ಗೆ ನಡಿ" ಎಂದು ಬುದ್ಧಿ ಹೇಳಿ ಕಳಿಸಿದ್ದಳು. ಅಕ್ಕ ನಡೆದಳು. ಚಿಕ್ಕಂದಿನಿಂದಲೂ ಯಾರಾದರೂ ತಿಳಿದವರು ಹೇಳಿದರೆ ತಪ್ಪದೆ ಮಾಡುವವಳು. ಬೀದಿಯ ಕೊನೆಯ ಹಾಲಿನ ಅಂಗಡಿಯ ತನಕ ಹೋಗಿ, ಅಲ್ಲಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಹಿಂದಿರುಗಿ ಬಂದು, "ಇವತ್ತೂ ನಡೆದೆ" ಎಂದು ಫೋನು ಮಾಡುತ್ತಿದ್ದಳು. ನಿನ್ನೆ ಮಾತ್ರ ಮಾತಿನ ನಡುವೆ, ಯಾರದೋ ಸುದ್ದಿ ಹೇಳಿದಷ್ಟು ಹಗುರಾಗಿ, "ಈಗ ಮಲಗೋಕೆ ಮೂರು ದಿಂಬು ಬೇಕು ಕಣೇ, ಚಪ್ಪಟೆ ಮಲಗಿದ್ರೆ ನೀರಲ್ಲಿ ಮುಳುಗಿದ ಹಾಗಾಗುತ್ತೆ" ಅಂದಿದ್ದಳು. ಮೂರು ದಿಂಬು. ಹೃದಯ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕಳೆದವಳಿಗೆ ಆ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ: ಹೃದಯ ಸೋಲುತ್ತಿದೆ.

ಕಾರಿಡಾರಿನ ತುದಿಯಲ್ಲಿ ಬಿಲ್ಲೆಯ ಜಾಹೀರಾತಿನ ಫಲಕ ಇತ್ತು. ಒಬ್ಬ ಚೆಲುವೆ ಕಾಲರು ಸಡಿಲಿಸಿ ನಗುತ್ತಿದ್ದಾಳೆ, ಅವಳ ಬರಿ ಮೈಯ ಮೇಲೆ, ಕೊರಳಿನ ಕೆಳಗೆ, ಬಿಲ್ಲೆ. ಅವಳ ಸುತ್ತ ಬಿಳಿ ಬೆಳಕು ಬಿಟ್ಟರೆ ಏನೂ ಇಲ್ಲ. ಕ್ಯೂ ಇಲ್ಲ, ಬೆಂಚಿಲ್ಲ, ಗಂಡಸರಿಲ್ಲ. ಫಲಕದ ಕೆಳಗೆ ಈಗ ನಿಜವಾದ ಕ್ಯೂ ನಿಂತಿತ್ತು: ಗಂಡಸರು ಹೆಂಗಸರು ಒಂದೇ ಸಾಲು, ಸಾಲಿನ ಮುಂದೆ ಒಂದು ಮೇಜು, ಒಂದು ಕುರ್ಚಿ. "ಕಿವಿಯಮ್ಮ ಬಂದ್ರು, ದಾರಿ ಬಿಡಿ," ಎಂದ ಬಾಗಿಲ ಕಾವಲಿನವನು. ಕಿವಿಯಮ್ಮ ಎಂಬುದು ತಂಗಿಗೆ ಹಳೆಯ ಡಾಕ್ಟರು ಇಟ್ಟ ಹೆಸರು. ಅವರು ನಿವೃತ್ತರಾಗಿ ಹೋದರು, ಹೆಸರು ಉಳಿಯಿತು. ವಾರ್ಡಿನಲ್ಲಿ ಯಾರ ಎದೆಯಲ್ಲಿ ಅಪಸ್ವರವಿದ್ದರೂ ಮೊದಲು ಹಿಡಿಯುತ್ತಿದ್ದವಳು ಅವಳೇ. ಈಗ ಬಿಲ್ಲೆಯನ್ನು ಎಲ್ಲರೂ ಚಿಕ್ಕ ಕಿವಿ ಅನ್ನುತ್ತಾರೆ, ಅವಳನ್ನು ದೊಡ್ಡ ಕಿವಿ. ನಕ್ಕು ಸುಮ್ಮನಾಗಬೇಕು.

ನಗು ಬರುತ್ತಿತ್ತು, ಆ ಪಂದ್ಯ ಆಗಿರದಿದ್ದರೆ. ಬಿಲ್ಲೆ ಬಂದ ಹೊಸದರಲ್ಲಿ, ಸಭಾಂಗಣದಲ್ಲಿ, ಹೊಸ ಡಾಕ್ಟರು ಹೃದಯದ ಹತ್ತು ಸದ್ದುಗಳನ್ನು ಸ್ಪೀಕರಿನಲ್ಲಿ ಹಾಕಿ "ನಮ್ಮ ಕಿವಿಯಮ್ಮ ವರ್ಸಸ್ ಯಂತ್ರ" ಎಂದು ಆಟ ಕಟ್ಟಿದರು. ಹೊಸ ಡಾಕ್ಟರು ಎಂದರೆ ಬಂದು ನಾಲ್ಕು ವರ್ಷವಾಯಿತು, ಆದರೂ ಹೊಸಬರೇ. ಅವಳು ಏಳು ಸರಿ ಹೇಳಿದಳು, ಯಂತ್ರ ಒಂಬತ್ತು. ಚಪ್ಪಾಳೆ ಬಿತ್ತು. ಆ ಸ್ಪೀಕರು ಮದುವೆ ಮನೆಯ ಮೈಕಿನ ಹಾಗೆ ಗೊರಗೊರ ಅನ್ನುತ್ತಿತ್ತು, ಎದೆಗೆ ಕಿವಿಯಿಟ್ಟು ಕೇಳುವುದಕ್ಕೂ ಗೋಡೆಗೆ ಕಿವಿಯಿಟ್ಟು ಕೇಳುವುದಕ್ಕೂ ವ್ಯತ್ಯಾಸವಿದೆ ಎಂದು ಹೇಳಬೇಕೆಂದುಕೊಂಡಳು. ಯಾರಿಗೆ ಹೇಳುವುದು? "ಬೇಜಾರು ಮಾಡ್ಕೋಬೇಡಿ ಸಿಸ್ಟರ್, ಅದು ಲಕ್ಷಗಟ್ಟಲೆ ಹೃದಯ ಕೇಳಿದೆ," ಎಂದು ಡಾಕ್ಟರು ಬೆನ್ನು ತಟ್ಟಿದರು. ಬೆನ್ನಿನ ಆ ಜಾಗ ಇವತ್ತಿಗೂ ಉರಿಯುತ್ತದೆ. ಅವತ್ತೇ ತನ್ನ ಸ್ಟೆತಸ್ಕೋಪನ್ನು ಬೀರುವಿನಲ್ಲಿ ನೇತುಹಾಕಿ ಬೀಗ ಹಾಕಿದಳು. ಯಂತ್ರವನ್ನೇ ನಂಬುತ್ತೀರಾ, ನಂಬಿ.

ಇವತ್ತು ಆ ಬೀಗ ತೆಗೆದಳು. ಅಕ್ಕನನ್ನು ಕ್ಯೂವಿನ ಪಕ್ಕದಿಂದ ದಾಟಿಸಿ, ಒಗೆದ ಹಾಸಿಗೆಬಟ್ಟೆಗಳನ್ನು ಒಟ್ಟಿದ್ದ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, ಒಳಗಿನಿಂದ ಚಿಲಕ ಹಾಕಿದಳು. ಮೂಲೆಯಲ್ಲಿ ಮುರಿದ ಪರೀಕ್ಷೆಯ ಮಂಚವೊಂದಿತ್ತು. "ಗುಂಡಿ ಬಿಚ್ಚು. ಎಡ ಮಗ್ಗುಲಿಗೆ ತಿರುಗಿ ಮಲಕ್ಕೋ." ಅಕ್ಕ ಬಿಚ್ಚಿದಳು. ಮಲಗಿದ ಕೂಡಲೇ ಉಸಿರು ಮೇಲೆ ಮೇಲೆ ಬರತೊಡಗಿತು. ಬಟ್ಟೆಯ ಒಳಗೆ ಅವಳು ಎಷ್ಟು ಇಳಿದುಹೋಗಿದ್ದಾಳೆ ಎಂದು ಕಿವಿಯಮ್ಮನಿಗೆ ಆಗಲೇ ಕಂಡದ್ದು. ತಾನೇ ತನಗೆ ಹೊಲಿದುಕೊಳ್ಳುವವಳು, ಮೈ ಇಳಿದ ಹಾಗೆ ಬಟ್ಟೆಯನ್ನೂ ಹಿಡಿದು ಹೊಲಿದುಕೊಂಡು ಯಾರಿಗೂ ತಿಳಿಯದ ಹಾಗೆ ನೋಡಿಕೊಂಡಿದ್ದಳು. ಒಳ ಅಂಚಿನಲ್ಲಿ ಹಳೆಯ ಹೊಲಿಗೆ ಬಿಚ್ಚಿದ ತೂತುಗಳು ಸಾಲಾಗಿ ಕಾಣುತ್ತಿದ್ದವು, ಒಂದರ ಒಳಗೊಂದು ಮೂರು ಸಾಲು.

"ಉಸಿರು ಬಿಡು. ಬಿಟ್ಟು ಹಿಡಕ್ಕೋ." ಹಳೆಯ ಡಾಕ್ಟರು ಕಲಿಸಿದ ಕ್ರಮ ಅದು. ಸ್ಟೆತಸ್ಕೋಪನ್ನು ತಟ್ಟನೆ ಇಟ್ಟು ತೆಗೆಯುವುದಲ್ಲ, ಬಾಗಿಲು ತಟ್ಟಿ ಕಾಯುವವರ ಹಾಗೆ ಕಾಯಬೇಕು ಎನ್ನುತ್ತಿದ್ದರು. ಅವಳು ಕಾದಳು. ಮೊದಲು ಬಡಿತ, ಮತ್ತೆ ಬಡಿತ, ಎರಡರ ನಡುವಿನ ಸುಮ್ಮನಿರಬೇಕಾದ ಜಾಗದಲ್ಲಿ, ದೂರದಲ್ಲಿ, ಗುರುಗುರು. ಪಕ್ಕದ ಕೋಣೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿದ ಹಾಗೆ. ಆಗ ತಂಗಿಗೆ ಹತ್ತು ವರ್ಷ, ಅಕ್ಕನಿಗೆ ಹದಿನೇಳು. ಪರೀಕ್ಷೆಗೆ ಓದುತ್ತ ಕುಳಿತಾಗ ಗೋಡೆಯ ಆಚೆಯಿಂದ ಇದೇ ಸದ್ದು ಬರುತ್ತಿತ್ತು. ಅಕ್ಕ ಹೊಲಿದಳು, ತಂಗಿ ಓದಿದಳು, ನರ್ಸ್ ಆದಳು. ಅಮ್ಮ ಹೇಳುತ್ತಿದ್ದಳು, ಅಕ್ಕನಿಗೂ ಓದುವ ಆಸೆ ಇತ್ತು, ಆದರೆ ಒಂದೇ ಸಲಕ್ಕೆ ಇಬ್ಬರನ್ನೂ ಓದಿಸಲು ಆಗುವುದಿಲ್ಲವಲ್ಲ ಎಂದು. ಚಿಕ್ಕಂದಿನಲ್ಲಿ ಕೀಲು ನೋವು, ಜ್ವರ ಎಂದು ತಿಂಗಳುಗಟ್ಟಲೆ ಮಲಗಿದ್ದವಳೂ ಅಕ್ಕನೇ. ಆ ಜ್ವರ ಹೃದಯದ ಕವಾಟವನ್ನು ಹಿಡಿಯುತ್ತದೆ, ವರ್ಷಗಳ ಮೇಲೆ ಅದು ಕಿರಿದಾಗುತ್ತ ಹೋಗುತ್ತದೆ. ಇದು ನರ್ಸಿಂಗ್ ಓದುವ ಹುಡುಗಿಯರಿಗೆ ಮೊದಲ ವರ್ಷದಲ್ಲೇ ಬರುವ ಪ್ರಶ್ನೆ.

"ಏನು ಕೇಳಿಸ್ತು?"

"ಸುಮ್ಮನಿರು, ಮಾತಾಡಬೇಡ," ಅಂದಳು, ಕೇಳಿ ಮುಗಿದಿದ್ದರೂ.

ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. ಇಷ್ಟು ನಿಚ್ಚಳವಾಗಿರುವುದು, ಸಾವಿರಾರು ಹೃದಯ ಕೇಳಿದ ಒಂದು ಹಳೆಯ ಕಿವಿಗೆ ಅರೆ ನಿಮಿಷದಲ್ಲಿ ಸಿಕ್ಕಿದ್ದು, ಲಕ್ಷ ಹೃದಯ ಕೇಳಿದ ಆ ಪಂಡಿತನಿಗೆ ಕೇಳಲಿಲ್ಲವೇ? ಈಗ ಇಡುತ್ತೇನೆ ನೋಡು, ಹಸಿರು ತೋರಿಸಲಿ, ಆ ಹಸಿರನ್ನು ಹಾಗೇ ಹಿಡಿದು ಹೊಸ ಡಾಕ್ಟರ ಮೂಗಿನ ಕೆಳಗೆ ಇಡುತ್ತೇನೆ, ಸಭಾಂಗಣ ತುಂಬ ಜನರನ್ನು ಕೂರಿಸಿ ಕೇಳಿಸುತ್ತೇನೆ. ಹೊರಗೆ ಹೋದವಳೇ, ಮೇಜಿನ ಮೇಲಿದ್ದ ಬಿಲ್ಲೆಯನ್ನೂ ಫೋನನ್ನೂ ಎತ್ತಿಕೊಂಡು ಬಂದಳು. "ಒಂದು ನಿಮಿಷ" ಎಂದು ಕ್ಯೂವಿಗೆ ಹೇಳಿದಳು. ಅಕ್ಕನ ಹೆಸರಿನಲ್ಲಿ ಪರೀಕ್ಷೆ ತೆರೆಯಲಿಲ್ಲ. ಅಭ್ಯಾಸಕ್ಕೆ ಎಂದಿದ್ದ ಖಾತೆಯಲ್ಲಿ ತೆರೆಯಿತು. ಎದೆಯ ನಾಲ್ಕು ಕಡೆ, ಬರಿ ಚರ್ಮದ ಮೇಲೆ, ಮಗುವಿಗೆ ಎಣ್ಣೆ ಹಚ್ಚುವಷ್ಟು ಎಚ್ಚರಿಕೆಯಿಂದ ಇಟ್ಟಳು. ನಾಳೆ ಯಾರೂ ಇಟ್ಟದ್ದು ಸರಿಯಿಲ್ಲ ಅನ್ನಬಾರದು. ಫೋನಿನ ಮೇಲೆ ಸಣ್ಣ ಚಕ್ರ ತಿರುಗಿತು.

ಕೆಂಪು.

ಅವಳು ಫೋನನ್ನು ಅಲ್ಲಾಡಿಸಿದಳು. ಇನ್ನೊಮ್ಮೆ ಇಟ್ಟಳು. ಕೆಂಪು. ಮೂರನೇ ಸಲವೂ ಕೆಂಪೇ. ಯಂತ್ರಕ್ಕೆ ಕೇಳುತ್ತದೆ. ಅವಳಿಗೆ ಕೇಳಿದ್ದೇ ಅದಕ್ಕೂ ಕೇಳುತ್ತಿದೆ. ಕೈಯಲ್ಲಿ ಎತ್ತಿಕೊಂಡಿದ್ದ ಕಲ್ಲನ್ನು ಎಸೆಯಲು ಯಾರೂ ಇಲ್ಲದ ಹಾಗಾಯಿತು. "ಏನೇ ಅದು, ಕೆಂಪು ಒಳ್ಳೇದಾ?" ಎಂದು ಅಕ್ಕ ಕೇಳುತ್ತಿದ್ದಳು. ಆರು ವಾರದ ಹಿಂದೆ ಇದೇ ಅಕ್ಕ ಆ ಕಾರಿಡಾರಿನ ಕುರ್ಚಿಯಲ್ಲಿ ಕೂತು, ಎರಡು ಮಾರು ದೂರದಲ್ಲಿ ನಿಂತು ಪಿಳಿಪಿಳಿ ನೋಡುತ್ತಿದ್ದ ಗಂಡಸರ ಕಡೆ ಕಣ್ಣು ಮಾಡಿ, "ಮೇಲಿಂದಲೇ ಇಡೇ, ಎಲ್ಲರೂ ನೋಡ್ತಿದಾರೆ" ಎಂದು ಪಿಸುಗುಟ್ಟಿದ್ದಳು. ತಂಗಿ ಬಟ್ಟೆಯ ಮೇಲಿನಿಂದಲೇ ಇಟ್ಟಿದ್ದಳು. ದಪ್ಪ ಬಟ್ಟೆ, ಒಳಗೆ ಇನ್ನೊಂದು. ಆಮೇಲೆ ಫೋನು ಎಂದಿನಂತೆ ಕೇಳಿತು: ಚರ್ಮದ ಮೇಲೆ ಇಡಲಾಗಿದೆಯೇ? ಹೌದು ಎಂಬಲ್ಲಿ ಹೆಬ್ಬೆರಳು ಒತ್ತಿದಳು. ಇಲ್ಲ ಎಂದರೆ ಅದು ಪರೀಕ್ಷೆಯನ್ನೇ ಸ್ವೀಕರಿಸುವುದಿಲ್ಲ.

ಅಕ್ಕನಿಗೆ ಮಾತ್ರವೇ? ಒಂದು ವರ್ಷದಿಂದ ಪ್ರತಿಯೊಬ್ಬ ಹೆಂಗಸಿಗೂ. ಗಂಡಸರು ಅಂಗಿ ಎತ್ತುತ್ತಾರೆ, ಮುಗಿಯಿತು. ಹೆಂಗಸರ ಮುಖ ನೋಡಿ ಅವಳೇ ಮೊದಲು ಹೇಳಿಬಿಡುತ್ತಿದ್ದಳು, "ಇರಲಿ ಬಿಡಿ, ಮೇಲಿಂದಲೇ ಇಡ್ತೀನಿ." ಅವರ ಮುಖದಲ್ಲಿ ಬರುವ ಆ ನಿರಾಳ ನೋಡಿ, ತಾನು ಉಪಕಾರ ಮಾಡುತ್ತಿದ್ದೇನೆ ಎಂದುಕೊಳ್ಳುತ್ತಿದ್ದಳು. ಕಂಪನಿಯಿಂದ ಬಂದ ಎಂಜಿನಿಯರ್ ಹುಡುಗಿ ಮೊದಲ ದಿನವೇ ಬಡಕೊಂಡಿದ್ದಳು, ಬಟ್ಟೆಯ ಮೇಲೆ ಬೇಡ ಸಿಸ್ಟರ್, ಸದ್ದು ಸಾಯುತ್ತೆ ಎಂದು. ಹಾಗಾದರೆ ಒಂದು ಪರದೆ ಕೊಡಿಸಿ ಎಂದು ಇವಳು ಅಂದಳು. ಹುಡುಗಿ ಡಾಕ್ಟರ ಮುಖ ನೋಡಿದಳು. ಡಾಕ್ಟರು "ನೋಡೋಣ" ಅಂದರು. ಇವಳು ಇನ್ನೊಮ್ಮೆ ಕೇಳಲಿಲ್ಲ. ಏಕೆ ಕೇಳಲಿಲ್ಲ? ಹಾಸಿಗೆಬಟ್ಟೆಗಳ ಸೋಪಿನ ವಾಸನೆಯ ನಡುವೆ, ಅಕ್ಕನ ಗುಂಡಿ ಹಾಕುತ್ತ ನಿಂತಾಗ, ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ನಾಚಿಕೆ ಒಂದು ಕಾರಣ, ಕ್ಯೂ ಇನ್ನೊಂದು. ಮೂರನೆಯದೂ ಇತ್ತು. ಪಂದ್ಯದ ಮಾರನೆಯ ದಿನದಿಂದ ಪ್ರತಿ ಸಲ ಬಟ್ಟೆಯ ಮೇಲೆ ಬಿಲ್ಲೆ ಇಡುವಾಗಲೂ ಅವಳ ಒಳಗೆ ಯಾರೋ, ಕೇಳಿಸಿದರೆ ಕೇಳಿಸಿಕೊ, ಇಲ್ಲವಾದರೆ ಸಾಯಿ, ಎಂದು ಹಲ್ಲು ಕಡಿಯುತ್ತಿದ್ದರು. ಅದು ತಪ್ಪಲಿ ಎಂದು ಅವಳು ಬಯಸಿದ್ದಳು. ಯಾರ ಎದೆಯ ಮೇಲೆ ತಪ್ಪುತ್ತದೆ ಎಂದು ಯೋಚಿಸಿರಲಿಲ್ಲ. ಯಂತ್ರವೋ, ಇವಳು ಕಳಿಸಿದ ಸದ್ದನ್ನೇ ಕೇಳಿ ಕೇಳಿ, ಹೆಂಗಸರ ಹೃದಯವೆಂದರೆ ಹೀಗೇ ಎಲ್ಲೋ ದೂರದಲ್ಲಿ ಮಂಕಾಗಿ ಬಡಿಯುತ್ತದೆ ಎಂದು ನಂಬಿ ಕೂತಿತ್ತೋ ಏನೋ.

ಅವಳು ಕೋಣೆಗೆ ಹೋದಾಗ ಹೊಸ ಡಾಕ್ಟರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಅಕ್ಕನಿಗೆ ಸ್ಕ್ಯಾನ್ ಬೇಕು, ಇವತ್ತೇ ಬೇಕು, ಎಂದಳು. ಕವಾಟ ಕಿರಿದಾಗಿದೆ, ಮೂರು ದಿಂಬು ಇಟ್ಟುಕೊಂಡು ಮಲಗುತ್ತಾಳೆ ಎಂದಳು. ಅವರು ದಾಖಲೆ ತೆರೆದರು.

"ಹಸಿರಿದೆಯಲ್ಲ ಸಿಸ್ಟರ್. ನೀವೇ ಮಾಡಿದ್ದೀರಿ."

"ಈಗ ಮಾಡಿದರೆ ಕೆಂಪು ಬರ್ತಿದೆ. ಮೂರು ಸಲ ಮಾಡಿದೆ. ನಾನೂ ಕೇಳಿದೆ."

ಅವರು ಕನ್ನಡಕ ತೆಗೆದರು. ಕೆಟ್ಟವರಲ್ಲ. ದಿನಕ್ಕೆ ಎಂಬತ್ತು ಜನರನ್ನು ನೋಡುತ್ತಾರೆ, ಮಧ್ಯಾಹ್ನದ ಊಟ ಮೇಜಿನ ಮೇಲೆ ಡಬ್ಬಿಯಲ್ಲೇ ತಣ್ಣಗಾಗುತ್ತದೆ. "ಸರಿ. ಮೂರು ದಿಂಬು ಅಂದರೆ ಕಾಯೋ ಹಾಗಿಲ್ಲ. ಆದ್ರೆ ಹಳೇ ಹಸಿರು ತೆಗೆಯೋಕೆ ಕಾರಣ ಹಾಕ್ಬೇಕು, ಇಲ್ದಿದ್ರೆ ಸ್ಕ್ಯಾನಿಂಗ್ ಕೋಣೆಯವರು ತಗೊಳ್ಳಲ್ಲ. 'ಯಂತ್ರದ ದೋಷ' ಅಂತ ಹಾಕಿ. ನಾನು ಸಹಿ ಮಾಡ್ತೀನಿ. ಆಗೊಮ್ಮೆ ಈಗೊಮ್ಮೆ ಹೀಗಾಗುತ್ತೆ, ಯಾರೂ ಕೇಳಲ್ಲ."

ಯಂತ್ರದ ದೋಷ. ಒಂದು ವರ್ಷದಿಂದ ಅವಳು ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದ ಎರಡು ಪದಗಳು, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಎದುರಿಗಿದ್ದವು. ಒತ್ತಿದರೆ ಸಾಕು. ಅಕ್ಕ ಒಳಗೆ ಹೋಗುತ್ತಾಳೆ, ಪಂಡಿತನಿಗೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ಕಿವಿಯಮ್ಮ ಗೆದ್ದಳು ಎಂದು ಕಾವಲಿನವನ ತನಕ ಸುದ್ದಿ ಹೋಗುತ್ತದೆ. ಬಾಗಿಲ ಸಂದಿನಿಂದ ಕ್ಯೂ ಕಾಣುತ್ತಿತ್ತು. ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಗೋಡೆಯ ಫಲಕವನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು, ಒಂದು ಕೈ ಗೋಡೆಗೆ ಕೊಟ್ಟು. ಅಷ್ಟು ಹೊತ್ತು ಓದುವಂಥದ್ದು ಅದರಲ್ಲಿ ಏನೂ ಇಲ್ಲ ಎಂದು ಕಿವಿಯಮ್ಮನಿಗೆ ಗೊತ್ತಿತ್ತು. ಆ ಹೆಂಗಸು ಉಸಿರು ಸಿಗದೆ ನಿಂತಿದ್ದಳು, ಅಷ್ಟೇ.

"ಯಂತ್ರ ಸರಿಯಾಗೇ ಇತ್ತು ಡಾಕ್ಟ್ರೇ," ಅಂದಳು. "ನಾನು ಬಟ್ಟೆ ಮೇಲಿಂದ ಇಟ್ಟಿದ್ದೆ. ಚರ್ಮದ ಮೇಲೆ ಅಂತ ಸುಳ್ಳು ಒತ್ತಿದ್ದೆ."

"ಆಯ್ತು, ನಿಮ್ಮ ಅಕ್ಕನ ವಿಷಯದಲ್ಲಿ..."

"ಎಲ್ಲರ ವಿಷಯದಲ್ಲೂ. ಇಲ್ಲಿ ಬಂದ ಒಬ್ಬ ಹೆಂಗಸಿನ ಎದೆ ಮೇಲೂ ಅದನ್ನು ಸರಿಯಾಗಿ ಇಟ್ಟಿಲ್ಲ. ನಾನಿಲ್ಲದ ದಿನ ಬೇರೆಯವರೂ ಹಾಗೇ ಮಾಡಿದಾರೆ, ನನ್ನನ್ನು ನೋಡಿ ಕಲಿತವರು ಅವರು."

ಡಾಕ್ಟರು ಕಂಪ್ಯೂಟರಿನಲ್ಲಿ ಏನೋ ಹುಡುಕಿದರು. ಹಸಿರು ಬಿದ್ದ ಹೆಂಗಸರು ಸಾವಿರದ ನೂರ ಹದಿನಾಲ್ಕು. "ಏನು ಮಾಡಿದ್ದೀರಿ ಅಂತ ಗೊತ್ತಾ ನಿಮಗೆ?" ಅವರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು. "ಇಷ್ಟು ಜನರನ್ನು ಮತ್ತೆ ಕರೆಸೋಕಾಗುತ್ತಾ? ಮೇಲಿನವರಿಗೆ ನಾನು ಏನಂತ ಹೇಳಲಿ? ಇಪ್ಪತ್ತೆರಡು ವರ್ಷ ಸರ್ವೀಸ್ ಮಾಡಿದವರು, ನಾಚಿಕೆ ಆಗಲ್ವಾ?"

"ಆಗುತ್ತೆ," ಅಂದಳು. ಆಗುತ್ತಿತ್ತು ಕೂಡ. ಆದರೆ ಆ ನಾಚಿಕೆಯ ಅಡಿಯಿಂದ ಸಿಟ್ಟು ಮತ್ತೆ ಎದ್ದಿತು. ಈ ಸಲ ಅದಕ್ಕೆ ಹೋಗುವ ದಾರಿ ಗೊತ್ತಿತ್ತು. "ನನಗೆ ಆಗುತ್ತೆ ಡಾಕ್ಟ್ರೇ. ನಿಮಗೂ ಆಗ್ಬೇಕು. ಪರದೆ ಕೇಳಿದಾಗ ನೋಡೋಣ ಅಂದ್ರಿ. ದಿನಕ್ಕೆ ಎಂಟು ಸಲ ಆ ಕಾರಿಡಾರಿನಲ್ಲಿ ಓಡಾಡ್ತೀರಿ. ನಾನು ಬಟ್ಟೆ ಮೇಲೆ ಇಡೋದು ಒಂದು ಸಲಾನೂ ಕಣ್ಣಿಗೆ ಬೀಳಲಿಲ್ವಾ? ಬಿತ್ತು. ಕ್ಯೂ ಬೇಗ ಬೇಗ ಕರಗ್ತಿತ್ತು, ಅದು ಚೆನ್ನಾಗಿತ್ತು, ನಿಮಗೂ ನನಗೂ. ಲಕ್ಷಗಟ್ಟಲೆ ಹೃದಯ ಕೇಳಿದ ಯಂತ್ರ ತರೋಕಾಯ್ತು, ನಾಲ್ಕು ಗಜ ಬಟ್ಟೆ ತರೋಕಾಗಲಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತು, ಕಾರಣ ಎಂಬ ಜಾಗದಲ್ಲಿ, ಒಂದೊಂದೇ ಅಕ್ಷರ ಒತ್ತುತ್ತ, ನಡೆದದ್ದನ್ನು ನಡೆದ ಹಾಗೆ ಬರೆದಳು. ಕೆಳಗೆ ತನ್ನ ಸಿಬ್ಬಂದಿ ಸಂಖ್ಯೆ ಹಾಕಿದಳು. ಡಾಕ್ಟರು ಅದನ್ನು ಎರಡು ಸಲ ಓದಿದರು. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆಗೆದು ಮತ್ತೆ ಮುಚ್ಚಿದರು. ಕೊನೆಗೆ, ಮುಖ ನೋಡದೆ, ಸಹಿ ಮಾಡಿದರು. "ನಾಳೆ ಬೆಳಿಗ್ಗೆ ಆಫೀಸಿಗೆ ಬರಬೇಕಾಗುತ್ತೆ ನೀವು." "ಬರ್ತೀನಿ," ಅಂದಳು.

ಸ್ಕ್ಯಾನಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅಕ್ಕ ಚೀಟಿ ಹಿಡಿದು ಕೂತಿದ್ದಳು, ಅವಳ ಮುಂದೆ ಇಬ್ಬರಿದ್ದರು. ಕಿವಿಯಮ್ಮ ಹಾಸಿಗೆಬಟ್ಟೆಯ ಕೋಣೆಯಿಂದ ಎರಡು ಬಿಳಿ ಹೊದಿಕೆ ಎತ್ತಿಕೊಂಡು ಬಂದಳು. ಒಂದರ ಮೂಲೆಯನ್ನು ಪರೀಕ್ಷೆಯ ಕುರ್ಚಿಯ ಪಕ್ಕದ ಕಿಟಕಿಯ ಕೊಂಡಿಗೆ ಕಟ್ಟಿದಳು. ಇನ್ನೊಂದು ಮೂಲೆಯನ್ನು ಕಟ್ಟಲು ಯಾವ ಆಸರೆಯೂ ಇರಲಿಲ್ಲ. ಗ್ಲೂಕೋಸ್ ಬಾಟಲಿ ತೂಗುಹಾಕುವ ಕಂಬವನ್ನು ಎಳೆದು ತಂದಳು. ಗಂಟು ಜಾರಿತು. ಮತ್ತೆ ಕಟ್ಟಿದಳು, ಮತ್ತೆ ಜಾರಿತು. ಕ್ಯೂವಿನಲ್ಲಿದ್ದ ಗಂಡಸೊಬ್ಬ ಗಡಿಯಾರ ನೋಡಿಕೊಂಡು ಗೊಣಗಿದ. "ನಿಂತ್ಕೊಳ್ಳಿ ಸ್ವಾಮಿ ಎರಡು ನಿಮಿಷ," ಎಂದು ಅವಳು ಗದರಿದ್ದು ಕಾರಿಡಾರಿನ ತುದಿಯ ತನಕ ಕೇಳಿತು. ಫಲಕ ಓದುತ್ತಿದ್ದ ಹೆಂಗಸು ಹತ್ತಿರ ಬಂದು, ಸಣ್ಣ ದನಿಯಲ್ಲಿ, "ಮೇಲಿಂದಲೇ ಇಡ್ತಾರೆ ಅಂದಿದ್ರು..." ಅಂದಳು. "ಇಲ್ಲಮ್ಮ. ಇವತ್ತಿನಿಂದ ಇಲ್ಲ."

ಅಷ್ಟರಲ್ಲಿ ಅಕ್ಕ ಎದ್ದು ಬಂದಿದ್ದಳು. ನಾಲ್ಕು ಹೆಜ್ಜೆಗೆ ಒಮ್ಮೆ ನಿಂತು, ಆದರೆ ಈಗ ಯಾವ ನೆಪವೂ ಹೂಡದೆ. ಜಾರುತ್ತಿದ್ದ ಮೂಲೆಯನ್ನು ಕೈಯಲ್ಲಿ ಹಿಡಿದು, ಅಂಚನ್ನು ಹೆಬ್ಬೆರಳಿನಿಂದ ತೀಡಿ ನೋಡಿದಳು.

"ಇದು ಯಾಕೆ ಕಟ್ತಿದೀಯ?"

ತಂಗಿ ಹೇಳಿದಳು. ಎಲ್ಲವನ್ನೂ ಅಲ್ಲ, ಆದರೆ ಸಾಕಾಗುವಷ್ಟು: ಆವತ್ತಿನ ಹಸಿರು ಹೇಗೆ ಬಂತು, ಇಷ್ಟು ದಿನ ಪರದೆ ಯಾಕಿರಲಿಲ್ಲ, ಹಾಗೆ ಮನೆಗೆ ಹೋದವರು ಎಷ್ಟು ಜನ. ಅಕ್ಕ ಕೇಳಿಸಿಕೊಂಡಳು. ಬೈಯಲಿಲ್ಲ, ಅಳಲಿಲ್ಲ. ಬಟ್ಟೆಯನ್ನು ಅಳೆಯುವವಳ ಹಾಗೆ ಮೊಳ ಹಾಕಿ ನೋಡಿದಳು, ಮೇಲಿನ ಅಂಚನ್ನು ಎರಡು ಬೆರಳಗಲ ಮಡಚಿ ಹಿಡಿದಳು. ಉಸಿರು ಎಳೆದುಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ನನಗೆ ಒಂದು ಮಾತು ಹೇಳಬಾರದಾಗಿತ್ತೇನೇ?" ಅಂದಳು. "ಅರ್ಧ ಗಂಟೆ ಕೆಲಸ. ಹೊಲಿದು ಕೊಡ್ತಿದ್ದೆನಲ್ಲ."